ನೀಲಮ್ಮನ ಕಟ್ಟಿನ ಸಾರು ಮತ್ತು ನನ್ನ ಮೆಮೊರಿ ಕಾರ್ಡು

ಯಂತ್ರಗಳ ವಿಷಯದಲ್ಲಿ ಮನುಷ್ಯರು ಮೂರು ಬಗೆ. ಕೆಟ್ಟರೆ ಅಂಗಡಿಗೆ ಒಯ್ಯುವವರು, ಕೆಟ್ಟರೆ ತಾವೇ ಬಿಚ್ಚಿ ನೋಡುವವರು, ಕೆಡುವವರೆಗೂ ಕಾಯುವ ತಾಳ್ಮೆಯಿಲ್ಲದೆ ಚೆನ್ನಾಗಿರುವುದನ್ನೇ ಬಿಚ್ಚಿಬಿಡುವವರು. ನಾನು ಮೂರನೆಯ ಬಗೆಯವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಯಚೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೇನೆ. ಕಾಲೇಜಿನಲ್ಲಿ ನಾನು ಬಿಚ್ಚಿದ್ದನ್ನು ಕೂಡಿಸಲು ಸಹಾಯಕರಿದ್ದಾರೆ. ಮನೆಯಲ್ಲಿ ಬಿಚ್ಚಿದ್ದು ಬಿಚ್ಚಿದಂತೆಯೇ ಇರುತ್ತದೆ. ಯಾರಾದರೂ ಬಂದು ಟೈಮ್ ಎಷ್ಟು ಎಂದು ಕೇಳಿದರೆ ನನ್ನ ಹೆಂಡತಿ ಮಹಾದೇವಿ, "ನಮ್ಮನಿ ಗಡಿಯಾರ ಗೋಡಿ ಮ್ಯಾಲ ಅದ ರೀ, ಮುಳ್ಳು ಮಾತ್ರ ಕಪಾಟಿನ್ಯಾಗ ಅದಾವ" ಅನ್ನುತ್ತಾಳೆ. ಇನ್ನೊಂದು ದೌರ್ಬಲ್ಯವೂ ನನಗಿದೆ. ಮನುಷ್ಯರು ಹೇಳಿದ್ದಕ್ಕಿಂತ ಯಂತ್ರ ಹೇಳಿದ್ದರ ಮೇಲೆ ನನಗೆ ಭರವಸೆ ಹೆಚ್ಚು. "ಯಂತ್ರ ಸುಳ್ಳು ಹೇಳುವುದಿಲ್ಲ, ತಪ್ಪು ಏನಿದ್ದರೂ ನಮ್ಮದು" ಎಂದು ಪ್ರತಿ ವರ್ಷ ಮೊದಲನೇ ದಿನದ ತರಗತಿಯಲ್ಲಿ ಹೇಳುವುದು ರೂಢಿ. ಈ ವರ್ಷ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಂಡು ಹಗುರಾಗೋಣ ಅಂತ ಕೂತಿದ್ದೇನೆ.

ನಮ್ಮ ಓಣಿಯ ನಳಕ್ಕೆ ಮೂರು ದಿನಕ್ಕೊಮ್ಮೆ ನೀರು ಬರುತ್ತದೆ. ಯಾವ ಹೊತ್ತಿಗೆ ಎಂಬುದು ನೀರಿನ ಮರ್ಜಿ. ಒಮ್ಮೆ ಬೆಳಿಗ್ಗೆ ಪೂಜೆಯ ಹೊತ್ತಿಗೆ, ಒಮ್ಮೆ ಮಧ್ಯಾಹ್ನ ಓಣಿಯೆಲ್ಲ ಫ್ಯಾನಿನ ಕೆಳಗೆ ಅಂಗಾತ ಬಿದ್ದುಕೊಂಡಾಗ. ನೀರು ಬಂದದ್ದು ಗೊತ್ತಾಗದೆ ಕೊಡ ಖಾಲಿ ಉಳಿದ ದಿನ ಯಾವ ಮನೆಯಲ್ಲೂ ಯಾರ ಮುಖವೂ ಸರಿ ಇರುವುದಿಲ್ಲ. ಹೋದ ವರ್ಷ ಬೇಸಿಗೆ ರಜೆಯಲ್ಲಿ ನಾನು ಇದಕ್ಕೊಂದು ಉಪಾಯ ಮಾಡಿದೆ. ನಳದ ಪೈಪಿನೊಳಗೆ ಎರಡು ತಂತಿ ಇಳಿಬಿಟ್ಟೆ. ನೀರು ತಾಗಿದ ಕೂಡಲೇ ಅದನ್ನು ತಿಳಿದುಕೊಳ್ಳುವುದಕ್ಕೆ ಇಸ್ಪೀಟ್ ಎಲೆಯಷ್ಟು ಅಗಲದ ಒಂದು ಪುಟ್ಟ ಕಂಪ್ಯೂಟರ್. ಅದು ನಡೆಯುವುದು ಲಿನಕ್ಸ್ ಎಂಬ ತಂತ್ರಾಂಶದ ಮೇಲೆ. ಅದರ ಬುದ್ಧಿ, ನೆನಪು, ಸಂಸ್ಕಾರ ಎಲ್ಲವೂ ಉಗುರಿನಷ್ಟು ದೊಡ್ಡ ಒಂದು ಮೆಮೊರಿ ಕಾರ್ಡಿನೊಳಗೆ. ಇದನ್ನೆಲ್ಲ ಹಳೆಯ ಊಟದ ಡಬ್ಬಿಯೊಂದರಲ್ಲಿ ಕೂರಿಸಿ, ಮಾಳಿಗೆಯ ಮೇಲೊಂದು ಲೌಡ್‌ಸ್ಪೀಕರ್ ಕಟ್ಟಿದೆ. ನೀರು ಬಂದರೆ ಅದು ಕೂಗಿ ಹೇಳಬೇಕು, ಅಷ್ಟೆ.

ಮೊದಲು ಕೂಗಿದ್ದು ನನ್ನ ಧ್ವನಿ. ಎರಡೇ ದಿನದಲ್ಲಿ ಎದುರುಮನೆಯ ಬಸಲಿಂಗಪ್ಪ ಬಂದರು. ಇವರು ಮಾನ್ವಿ ಕಡೆಯ ಮಿಲ್ಲುಗಳಿಗೆ ಭತ್ತ ಕೊಡಿಸುವ ದಲಾಲಿ, ನನಗೆ ಸಂಜೆಯ ಚಹಾದ ಜೊತೆಗಾರರು. "ಸರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ದನಿ ಕೇಳಿದ್ರ ನೀರು ಬಂದಾವೋ, ಯಾರರ ತೀರಿಕೊಂಡ್ರೋ ತಿಳಿಯಂಗಿಲ್ರಿ. ನಮ್ಮಕಿ ಕೊಡ ಬಿಟ್ಟು ಸೆರಗು ಸರಿಮಾಡ್ಕೊಂಡು ಹೊರಗ ಬರ್ತಾಳ" ಎಂದರು. ಹಾಗಾಗಿ ಮಹಾದೇವಿಯ ಧ್ವನಿ ಹಾಕಿಸಿದೆ. ಅವಳ ಧ್ವನಿಗೆ ಲೌಡ್‌ಸ್ಪೀಕರಿನ ಅಗತ್ಯವೇ ಇಲ್ಲ ಎಂಬುದು ಬೇರೆ ಮಾತು. ದೇವದುರ್ಗದಲ್ಲಿರುವ ನಮ್ಮ ಅತ್ತೆಗೆ ಕಿವಿ ಮಂದ. ದಿನವೂ ಅವರ ಜೊತೆ ಫೋನಿನಲ್ಲಿ ಮಾತಾಡಿ ಮಾತಾಡಿ ಅವಳ ಗಂಟಲು ಹಾಗೆ ಪಳಗಿದೆ. ಫೋನು ಇಲ್ಲದಿದ್ದರೂ ಅರ್ಧ ದಾರಿಯವರೆಗಾದರೂ ಕೇಳಿಸೀತು. "ನೀರು ಬಂದಾವ್ರೀ, ನೀರು ಬಂದಾವ! ಲಗೂನ ಹಿಡಕೊಳ್ರಿ!" ಎಂದು ಅದು ಕೂಗಿದರೆ ಪಕ್ಕದ ಓಣಿಯವರೂ ತಮ್ಮ ನಳ ತಿರುವಿ ನೋಡುತ್ತಿದ್ದರು. ಒಂದು ವರ್ಷ ಎಲ್ಲವೂ ಸುಖವಾಗಿತ್ತು. ಜನ ನನ್ನನ್ನು ಕಂಡರೆ ನಿಂತು ನಮಸ್ಕಾರ ಮಾಡುತ್ತಿದ್ದರು.

ಈ ವರ್ಷದ ಮೇ ತಿಂಗಳಲ್ಲಿ ಡಬ್ಬಿ ತೊದಲತೊಡಗಿತು. "ನೀರು ಬಂದಾ… ಬಂದಾ… ಬಂದಾ…" ಎಂದು ಅಲ್ಲೇ ನಿಂತುಬಿಡುತ್ತಿತ್ತು. "ಯಾವಾಂವ ಬಂದಾ?" ಎಂದು ಒಬ್ಬ ಮುದುಕರು ಕೋಲು ಹಿಡಿದು ಹೊರಗೆ ಬಂದರು. ಪರದೆಗೆ ಜೋಡಿಸಿ ನೋಡಿದರೆ ಸಾಲು ಸಾಲಾಗಿ ಒಂದೇ ದೂರು: ಕಾರ್ಡು ಓದಲಾಗುತ್ತಿಲ್ಲ, ಎರರ್, ಮೈನಸ್ ನೂರಾಹತ್ತು. ಬಸಲಿಂಗಪ್ಪ ನನ್ನ ಹೆಗಲ ಮೇಲಿಂದ ಇಣುಕಿ, "ಮೈನಸ್ ನೂರಾಹತ್ತು ಅಂದ್ರ ಭಾಳ ತಣ್ಣಗಾಗ್ಯದಲ್ರಿ ಸರ, ಬಿಸಲಾಗ ಇಡ್ರಿ" ಎಂದರು. ಮೇ ತಿಂಗಳ ರಾಯಚೂರಿನಲ್ಲಿ ಒಂದು ವಸ್ತುವಿಗೆ ಬಿಸಿಲು ಸಾಲದಾಗಿದೆ ಎಂದು ನಾನು ಕೇಳಿದ್ದು ಅದೇ ಮೊದಲು. ಕೂಗಿನ ಫೈಲಷ್ಟೇ ಕೆಟ್ಟಿರಬೇಕು ಎಂದುಕೊಂಡು ಮಹಾದೇವಿಯನ್ನು ಡಬ್ಬಿಯ ಮುಂದೆ ಕೂರಿಸಿ ಹೊಸದಾಗಿ ರೆಕಾರ್ಡ್ ಮಾಡಿದೆ. ಅವಳು ಕೂಗಿ ಮುಗಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು, ನಾನು ಎದ್ದು ಹೋದೆ. ಹಿಂದೆಯೇ ಅವಳ ಫೋನು ಬಡಿದುಕೊಂಡಿತು. ನಾನು ತಿರುಗಿ ಬಂದು ರೆಕಾರ್ಡಿಂಗ್ ನಿಲ್ಲಿಸಿ, ಒಮ್ಮೆಯೂ ಕೇಳಿ ನೋಡದೆ ಡಬ್ಬಿಯ ಮುಚ್ಚಳ ಹಾಕಿದೆ. ಆ ಕಾರ್ಡು ತನ್ನ ಆಯುಷ್ಯದಲ್ಲಿ ಬರೆದುಕೊಂಡ ಕೊನೆಯ ಮಾತು ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ನೀರು ಬಂತು. ಕೂಗು ಶುರುವಾದದ್ದೇ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಹೊರಗೆ ಬಂದರು. ಲೌಡ್‌ಸ್ಪೀಕರ್ ಸ್ಪಷ್ಟವಾಗಿ ಹೇಳಿತು: "ನೀರು ಬಂದಾವ್ರೀ, ನೀರು ಬಂದಾವ! ಲಗೂನ ಹಿಡಕೊಳ್ರಿ!… ಹಲೋ, ಯವ್ವಾ? ಉಂಡಿ ಏನು? ನಮ್ಮದು ನಿನ್ನಿ ಎದುರ ಮನ್ಯಾಗ ಊಟ. ಹೋಳಿಗಿ ಮಾಡಿದ್ರು. ಏ, ನೀಲವ್ವನ ಕಟ್ಟಿನ ಸಾರು ಅಂದ್ರ, ಕೈ ತೊಳಕೊಂಡ ನೀರಿಗೆ ಒಗ್ಗರಣಿ ಕೊಟ್ಟಂಗ ಇರ್ತದ…" ಆಮೇಲೆ ಕರ್ರೆಂದು ಒಂದು ಸದ್ದು. ಆಮೇಲೆ ಮೌನ.

ನೀಲಮ್ಮ ಎಂದರೆ ಬಸಲಿಂಗಪ್ಪನವರ ಹೆಂಡತಿ. ಅವಳೂ ಮಹಾದೇವಿಯೂ ದೇವದುರ್ಗದ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ಬೆಂಚಿನಲ್ಲಿ ಕೂತು ಓದಿ, ಮದುವೆಯಾಗಿ ರಾಯಚೂರಿನ ಒಂದೇ ಓಣಿಗೆ ಎದುರುಬದುರಾಗಿ ಬಂದವರು. ಇಪ್ಪತ್ತು ವರ್ಷದಿಂದ ಈ ಮನೆಯ ಬಟ್ಟಲು ಆ ಮನೆಗೆ, ಆ ಮನೆಯ ಬಟ್ಟಲು ಈ ಮನೆಗೆ ಮುಚ್ಚಳ ಹಾಕಿಕೊಂಡು ಓಡಾಡುತ್ತಿದ್ದವು. ನೀಲಮ್ಮ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟು, ಲೌಡ್‌ಸ್ಪೀಕರನ್ನೊಮ್ಮೆ, ನಮ್ಮ ಬಾಗಿಲನ್ನೊಮ್ಮೆ ನೋಡಿ ಒಳಗೆ ಹೋದಳು. ಮಹಾದೇವಿ ಬಾಗಿಲಲ್ಲೇ ನಿಂತಿದ್ದಳು. "ನಾ ಹಂಗ ಅಂದಿಲ್ರಿ" ಎಂದಳು. "ಮಾತು ನೆನಪಿಲ್ಲ, ಖರೆ, ದಿನಾ ಅವ್ವನ ಜೋಡಿ ಏನೇನೋ ಮಾತಾಡ್ತೀನಿ. ಆದ್ರ ನಾ ಹಂಗ ಅನ್ನಾಕಿ ಅಲ್ಲ. ಅಂದಿದ್ರೂ ಅದು ನನ್ನ ಮಾತಲ್ಲ."

"ದನಿ ನಿಂದು, ಬಾಯಿ ನಿಂದು, ಮಾತು ಮಾತ್ರ ಮಂದೀದೇನು?" ಎಂದು ನಾನು ನಕ್ಕೆ. ಯಂತ್ರ ಸುಳ್ಳು ಹೇಳುವುದಿಲ್ಲವಲ್ಲ.

ಆ ಫೈಲನ್ನು ಅಳಿಸಿ, ನನ್ನ ಧ್ವನಿಯಲ್ಲಿ ಬರೇ ಎರಡು ಶಬ್ದದ ಕೂಗು ಹಾಕಿದೆ. ಪರೀಕ್ಷಿಸಿದೆ, ಸರಿಯಾಗಿ ಕೂಗಿತು. ನೀಲಮ್ಮನ ಮನೆಗೂ ಹೋಗಿ ಹೇಳಿ ಬಂದೆ. ಸಂಜೆ ಕರೆಂಟು ಹೋಯಿತು, ಬಂತು. ಮೂರನೆಯ ದಿನ ನೀರು ಬಂದಾಗ ಲೌಡ್‌ಸ್ಪೀಕರ್ ಗಂಟಲು ಸರಿಮಾಡಿಕೊಂಡು ಅದೇ ಕೂಗು, ಅದೇ ಯವ್ವ, ಅದೇ ಹೋಳಿಗೆ, ಅದೇ ಒಗ್ಗರಣೆ! ನಾನು ಓಡಿ ಹೋಗಿ ಮತ್ತೆ ಅಳಿಸಿದೆ. ಮತ್ತೆ ಕರೆಂಟು ಹೋಗಿ ಬಂತು. ಮತ್ತೆ ಅದೇ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಾಗಲೆಲ್ಲ ಅದು ಆ ದಿನಕ್ಕೇ ಹೋಗಿ ನಿಲ್ಲುತ್ತಿತ್ತು. ನಾನು ಅಳಿಸಿದ್ದು, ಬರೆದದ್ದು, ಬೇಡಿಕೊಂಡದ್ದು ಯಾವುದೂ ಅದಕ್ಕೆ ತಾಗಿರುತ್ತಿರಲಿಲ್ಲ. ಲೌಡ್‌ಸ್ಪೀಕರಿನ ತಂತಿಯನ್ನೇ ಕಿತ್ತಿಟ್ಟೆ. ಮುಂದಿನ ಸಲ ನೀರು ಸದ್ದಿಲ್ಲದೆ ಬಂದು ಹೋಯಿತು, ಅರ್ಧ ಓಣಿಗೆ ಕೊಡ ತುಂಬಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ಬಡಿದವಳು ನೀಲಮ್ಮನೇ. "ಸರ, ನನ್ನ ಬೇಕಾದಷ್ಟು ಬೈಸ್ರಿ, ನಾ ತಡಕೊಂತೀನಿ. ನೀರು ಬಂದಿದ್ದು ಮಾತ್ರ ಹೇಳಸ್ರಿ" ಎಂದಳು. ತಂತಿ ಮತ್ತೆ ಹಾಕಿದೆ.

ಆ ಒಂದು ತಿಂಗಳು ನಾನು ಮಾಡದ ಚಿಕಿತ್ಸೆ ಇಲ್ಲ. ಕರೆಂಟಿನ ಒತ್ತಡ ಸಾಲದೆ ಹೀಗಾಗುತ್ತದೆ ಎಂದು ಚಾರ್ಜರ್ ಬದಲಿಸಿದೆ. ಕಾರ್ಡಿನ ಹಿತ್ತಾಳೆ ಬಣ್ಣದ ಹಲ್ಲುಗಳಿಗೆ ಕೊಳೆ ಹಿಡಿದಿರಬಹುದು ಎಂದು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದೆ. ಅದು ಬಾಳೆಹಣ್ಣಿನ ವಾಸನೆಯ ರಬ್ಬರು, ಡಬ್ಬಿ ತೆರೆದಾಗಲೆಲ್ಲ ಸೀಕರಣೆ ಮಾಡಿದಂತಿರುತ್ತಿತ್ತು. ಲಿನಕ್ಸಿನಲ್ಲಿ ಕಾರ್ಡನ್ನು ಪರೀಕ್ಷಿಸಿ ಸರಿಪಡಿಸುವ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ "ತಪ್ಪುಗಳನ್ನೆಲ್ಲ ಸರಿಪಡಿಸಿದ್ದೇನೆ" ಎಂದು ಬರುತ್ತಿತ್ತು. ಇನ್ನೊಮ್ಮೆ ಕೊಟ್ಟರೆ ಅವೇ ತಪ್ಪುಗಳನ್ನು ಇನ್ನೊಮ್ಮೆ ಸರಿಪಡಿಸುತ್ತಿತ್ತು. ಕಾಲೇಜಿನ ಕೆಲವು ಸಮಿತಿಗಳ ನೆನಪಾಯಿತು. ಬೇರೆ ಕಾರ್ಡಿಗೆ ಎಲ್ಲವನ್ನೂ ನಕಲು ಮಾಡಲು ಹೋದರೆ ಓದಲಾಗದ ಜಾಗಕ್ಕೆ ಬಂದಾಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು. ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದು ಇಡೀ ಬೇಸಿಗೆ ರಜೆ ಕೂತು ಬರೆದದ್ದು ಅದು, ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಪ್ರತಿ ಇಟ್ಟುಕೊಳ್ಳದ ವಿದ್ಯಾರ್ಥಿಗಳನ್ನು ನಾನು ಪ್ರಯೋಗಾಲಯದ ಹೊರಗೆ ನಿಲ್ಲಿಸುತ್ತಿದ್ದೆ ಎಂಬುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ.

ಬಸಲಿಂಗಪ್ಪ ಮಾತ್ರ ನನ್ನ ಜೊತೆ ಚಹಾ ಬಿಟ್ಟಿರಲಿಲ್ಲ. "ಹೆಣ್ಮಕ್ಕಳ ಮಾತಿಗೆ ನಾವ್ಯಾಕ ಮಾತು ಬಿಡಬೇಕ್ರಿ? ಮೊಬೈಲ್ ನೀರಾಗ ಬಿದ್ರ ಅಕ್ಕ್ಯಾಗ ಇಡ್ತಾರ. ನಿಮ್ಮ ಕಾರ್ಡು ಹಸಿ ಆಗಿರಬೇಕು. ನಾ ಮಿಲ್ಲಿನಿಂದ ತಂದ ಹೊಸ ಚೀಲ ಅದ, ಅದರಾಗ ಇಡ್ರಿ" ಎಂದರು. ಆ ಬಿಸಿಲಲ್ಲಿ ಹಸಿ ಎಲ್ಲಿಂದ ಬರಬೇಕು? ಆದರೆ ಒಂದು ತಿಂಗಳ ಸೋಲು ಮನುಷ್ಯನನ್ನು ಯಾವ ಮಾತಿಗೂ ತಲೆಯಾಡಿಸುವಂತೆ ಮಾಡುತ್ತದೆ. ಅವರು ಕಳಿಸಿದ ಇಪ್ಪತ್ತೈದು ಕಿಲೋ ಸೋನಾಮಸೂರಿ ಚೀಲದಲ್ಲಿ ಕಾರ್ಡನ್ನು ಹುಗಿದೆ. ಒಂದು ಚಿಕ್ಕ ಡಬ್ಬಿಯಲ್ಲಿ ಎರಡು ಹಿಡಿ ಅಕ್ಕಿ ಹಾಕಿ ಇಟ್ಟರೆ ಸಾಕಿತ್ತು ಎಂಬುದು ಹೊಳೆದದ್ದು ಮರುದಿನ, ಮಾಳಿಗೆಯ ಮೇಲೆ ಎರಡು ಚಾದರ ಹಾಸಿ ಆ ಅಕ್ಕಿಯನ್ನೆಲ್ಲ ಸುರುವಿ ಮೊಳಕಾಲೂರಿ ಹುಡುಕುತ್ತಿದ್ದಾಗ. ಬಸಲಿಂಗಪ್ಪನವರೂ ಕನ್ನಡಕ ಹಾಕಿಕೊಂಡು ಬಂದು ಹುಡುಕಿದರು. ಮಾಳಿಗೆಯ ಗೋಡೆಯ ಮೇಲೆ ಗುಬ್ಬಿಗಳು ಸಾಲಾಗಿ ಕೂತು ನಾವು ಎದ್ದು ಹೋಗುವುದನ್ನೇ ಕಾಯುತ್ತಿದ್ದವು. ಕೊನೆಗೆ ಕೆಳಗಿನಿಂದ ಮಹಾದೇವಿಯ ಧ್ವನಿ: "ಏನ್ರೀ, ಮಧ್ಯಾಹ್ನಕ್ಕ ಅಂತ ಮುಂಜಾನೆ ತಗದಿದ್ದ ಅಕ್ಕ್ಯಾಗ ಒಂದು ಹರಳು ಸಿಕ್ಕದ. ಅದರ ಮ್ಯಾಲ ಇಂಗ್ಲಿಷ್ ಬರದದ. ಒಗೀಲೇನು?" ಇನ್ನೈದು ನಿಮಿಷ ತಡವಾಗಿದ್ದರೆ ಕಾರ್ಡು ಅನ್ನದ ಜೊತೆ ಬೆಂದಿರುತ್ತಿತ್ತು. ಹಾಗಾಗಿದ್ದರೆ ನನಗೆ ಒಳ್ಳೆಯದೇ ಆಗುತ್ತಿತ್ತು ಎಂದು ಈಗ ಅನಿಸುತ್ತದೆ.

ನೀಲಮ್ಮ ಒಂದು ಬೇಡಿಕೆ ಇಟ್ಟಳು. ಬೈದದ್ದು ಓಣಿಗೆಲ್ಲ ಕೇಳಿದೆ, ಹೊಗಳಿದ್ದೂ ಓಣಿಗೆಲ್ಲ ಕೇಳಬೇಕು, ಮಹಾದೇವಿಯ ಬಾಯಿಂದಲೇ ಕೇಳಬೇಕು. ಮಹಾದೇವಿ ಒಪ್ಪಲಿಲ್ಲ. "ನಾ ಅನ್ನದ ಮಾತಿಗೆ ನಾ ಯಾಕ ತಪ್ಪಾತು ಅನ್ಲಿ?" ಎಂದಳು. ನಾನೇ ನನ್ನ ಧ್ವನಿಯಲ್ಲಿ, "ನೀರು ಬಂದಿದೆ. ನೀಲಮ್ಮನವರ ಕಟ್ಟಿನ ಸಾರು ಅತ್ಯಂತ ರುಚಿಕರವಾಗಿರುತ್ತದೆ" ಎಂದು ಹಾಕಿದೆ. ಎರಡು ಸಲ ಸರಿಯಾಗಿ ಬಂತು. ಎರಡೂ ಸಲ ಯಾರು ತೀರಿಕೊಂಡರು ಎಂದು ವಿಚಾರಿಸಲು ಇಬ್ಬರು ಬಂದಿದ್ದರು, ಆದರೂ ನೀಲಮ್ಮನ ಮುಖ ತುಸು ಸಡಿಲವಾಯಿತು. ಅದೇ ಧೈರ್ಯದಲ್ಲಿ ಅವಳು ಮಗಳ ಹೊಸ ಬೀಗರನ್ನು ಸಿಂಧನೂರಿನಿಂದ ಹೋಳಿಗೆ ಊಟಕ್ಕೆ ಕರೆದಳು. ಊಟದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಗಿ ಹನ್ನೆರಡಕ್ಕೆ ಬಂತು. ನಾನು ಕಾಲೇಜಿನಲ್ಲಿದ್ದೆ. ಒಂದು ಗಂಟೆಗೆ ಬೀಗರ ಎಲೆಗೆ ಹೋಳಿಗೆ ಬಿದ್ದು, ಬಟ್ಟಲಿಗೆ ಕಟ್ಟಿನ ಸಾರು ಬಿದ್ದು, ಹಿರಿಯ ಬೀಗರು ಬಟ್ಟಲನ್ನು ತುಟಿಗೆ ಎತ್ತಿದಾಗ ನಳಕ್ಕೆ ನೀರು ಬಂತು. ಲೌಡ್‌ಸ್ಪೀಕರ್ ತನಗೆ ತಿಳಿದಿದ್ದನ್ನೆಲ್ಲ ಹೇಳಿತು. ಬೀಗರು ಬಟ್ಟಲನ್ನು ಕೆಳಗಿಟ್ಟರಂತೆ. ಬೀಗಿತ್ತಿ ಬಟ್ಟಲೊಳಗೆ ಬಗ್ಗಿ ನೋಡಿದರಂತೆ. "ಇಲ್ಲಿ ನೀಲವ್ವ ಅಂದ್ರ ಯಾರ್ರಿ?" ಎಂದು ಬೀಗರು ಕೇಳಿದರಂತೆ.

ಅವತ್ತಿನಿಂದ ಎರಡು ಮನೆಯ ನಡುವೆ ಬಟ್ಟಲು ಓಡಾಡುವುದು ನಿಂತಿತು. ಸೋಮವಾರ ಗುಡಿಗೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಹೋಗತೊಡಗಿದರು. ಮಹಾದೇವಿ ಏನಾದರೂ ಹೊಸದು ಮಾಡಿದಾಗ ಅಭ್ಯಾಸಬಲದಿಂದ ಒಂದು ಬಟ್ಟಲಲ್ಲಿ ಬೇರೆ ತೆಗೆದಿಟ್ಟು, ಆಮೇಲೆ ನೆನಪಾಗಿ ಅದನ್ನು ಮತ್ತೆ ಪಾತ್ರೆಗೆ ಸುರಿಯುವುದನ್ನು ನಾನು ನೋಡಿದೆ. ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ದೊಡ್ಡ ಮನಸ್ಸು ಮಾಡಿ ನಾನೇ ನೀಲಮ್ಮನ ಮನೆಗೆ ಹೋಗಿ ಹೆಂಡತಿಯ ಪರವಾಗಿ ಕ್ಷಮೆ ಕೇಳಿದೆ. "ಆಕಿ ಬಾಯಿ ಸ್ವಲ್ಪ ಜೋರು, ಮನಸ್ಸು ಕೆಟ್ಟದ್ದಲ್ರಿ. ನೀವು ಹೊಟ್ಟ್ಯಾಗ ಹಾಕ್ಕೋರಿ" ಎಂದೆ. ನೀಲಮ್ಮ ಕಣ್ಣೊರೆಸಿಕೊಂಡು, "ನೀವು ದೊಡ್ಡವರು ಸರ. ನಿಮ್ಮಂಥ ಗಂಡ ಸಿಕ್ಕಿದ್ದು ಆಕಿ ಪುಣ್ಯ" ಎಂದಳು. ಈ ಮಾತನ್ನು ಮನೆಗೆ ಬಂದು ಮಹಾದೇವಿಗೆ ಹೇಳಿದೆ. ಹೇಳಬಾರದಿತ್ತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈ ಕೊಡವಿಕೊಂಡಳು. ಆಮೇಲೆ, "ದೇವದುರ್ಗಕ್ಕ ಹೋಗೋಣ ನಡೀರಿ. ಅವತ್ತು ಫೋನಿನ್ಯಾಗ ನಾ ಏನಂದೆ ಅಂತ ಅವ್ವಗ ಕೇಳೋಣು" ಎಂದಳು.

ಭಾನುವಾರ ಬಸ್ಸು ಹತ್ತಿದೆವು. ಅತ್ತೆ ಕಟ್ಟೆಯ ಮೇಲೆ ಕೂತು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದರು. ಮಹಾದೇವಿ ಅವರ ಕಿವಿಯ ಹತ್ತಿರ ಬಗ್ಗಿ, "ಯವ್ವಾ, ಹೋಳಿಗಿ ಊಟದ ಮರುದಿನ ನಾ ಫೋನಿನ್ಯಾಗ ನೀಲವ್ವನ ಸಾರು ಬಗ್ಗಿ ಏನಂದಿದ್ದೆ?" ಎಂದು ಕೂಗಿದಳು.

"ಯಾರ ಸೀರಿ?" ಎಂದರು ಅತ್ತೆ.

"ಸೀರಿ ಅಲ್ಲಬೇ, ಸಾರು! ಸಾರು!"

"ಚಲೋ ಇತ್ತು ತಗೊ ಆಕಿ ಸೀರಿ. ಅಂಚು ಸ್ವಲ್ಪ ಸಣ್ಣದಿತ್ತು."

ನಾಲ್ಕು ಸಲ ಕೂಗಿದ ಮೇಲೆ ಅತ್ತೆಗೆ ವಿಷಯ ತಿಳಿಯಿತು. ಅಷ್ಟರಲ್ಲಿ ಆ ಓಣಿಗೆಲ್ಲ ತಿಳಿದಿತ್ತು, ನೀಲಮ್ಮನ ತವರಿನವರೂ ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಪಲ್ಯವನ್ನು ಪಕ್ಕಕ್ಕಿಟ್ಟು ಸಮಾಧಾನವಾಗಿ ಹೇಳಿದರು: "ನೋಡವಾ, ಫೋನಿನ್ಯಾಗ ನೀ ಏನಂತಿ ಅಂತ ನನಗ ಎಂದೂ ಕೇಳಿಸಿಲ್ಲ. ನೀ ಮಾತಾಡೂತನಾ ನಾ 'ಹೂಂ, ಹೂಂ' ಅಂತೀನಿ. ನೀ ಇಟ್ಟ ಮ್ಯಾಲ ನಾನೂ ಇಡ್ತೀನಿ. ಮಗಳ ದನಿ ಕೇಳಿದಂಗ ಆಗ್ತದ, ಸಾಕು." ಮಹಾದೇವಿ ಅಲ್ಲೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ವರ್ಷಗಟ್ಟಲೆ ದಿನಕ್ಕರ್ಧ ಗಂಟೆಯಂತೆ ಅವಳು ಹೇಳಿಕೊಂಡ ಸುಖದುಃಖವೆಲ್ಲ ಎಲ್ಲಿ ಹೋಯಿತು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಇನ್ನು ಉಳಿದದ್ದು ಮಾನ್ವಿಯ ಮೌಲಾಲಿ. ಕಾಲೇಜಿನ ಗೆಳೆಯರೊಬ್ಬರು ಅವರ ಹೆಸರು ಹೇಳಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಟ್ಟಿಲಿನ ಕೆಳಗೆ, ಕೆಟ್ಟ ಕಾರ್ಡುಗಳಿಂದ ಕಳೆದದ್ದನ್ನು ತೆಗೆದುಕೊಡುವ ಅವರ ಅಂಗಡಿ. ಐವತ್ತು ದಾಟಿದ, ಮೆಹಂದಿ ಹಚ್ಚಿದ ಗಡ್ಡದ ಮನುಷ್ಯ. ಆ ಸುತ್ತಿನಲ್ಲಿ ಮದುವೆ ಫೋಟೋ ಕಳೆದುಕೊಂಡವರೆಲ್ಲ ಅಳುತ್ತಾ ಹೋಗಿ, ನಗುತ್ತಾ ಬರುವುದು ಅವರಲ್ಲಿಂದ. ಮಹಾದೇವಿಯೂ ಹಟ ಹಿಡಿದು ನನ್ನ ಜೊತೆ ಬಂದಳು. ಮೌಲಾಲಿ ಕಾರ್ಡನ್ನು ಬೆಳಕಿಗೆ ಹಿಡಿದು, ವಾಸನೆ ನೋಡಿ, "ಬಾಳಿಹಣ್ಣು?" ಎಂದರು. ಕಂಪ್ಯೂಟರಿಗೆ ಹಾಕಿ ಸ್ವಲ್ಪ ಹೊತ್ತು ನೋಡಿ ಹೇಳಿದರು: "ಫಿಕರ್ ಮಾಡಬ್ಯಾಡ್ರಿ ಸರ. ಕಾರ್ಡ್ ಸತ್ತಿಲ್ಲ, ವಯಸ್ಸಾಗ್ಯದ. ನೀವು ಹೊಸಾದು ಏನು ಹೇಳಿದ್ರೂ 'ಹೂಂ, ಹೂಂ' ಅಂತದ, ಒಂದೂ ಬರಕೊಳ್ಳಂಗಿಲ್ಲ. ಹಳೇದು ಮಾತ್ರ ಗಟ್ಟಿ ಹಿಡಕೊಂಡದ. ಅದರಾಗೂ ನಡುವ ನಡುವ ಮರ್ತದ." ನಾನೂ ಮಹಾದೇವಿಯೂ ಮುಖ ಮುಖ ನೋಡಿಕೊಂಡೆವು. ಇವರು ದೇವದುರ್ಗಕ್ಕೆ ಯಾವಾಗ ಹೋಗಿದ್ದರು?

"ಮರ್ತಿದ್ದು ನೆನಪು ಮಾಡಸಾಕ ಬರ್ತದೇನ್ರಿ?" ಎಂದು ಮಹಾದೇವಿ ಕೇಳಿದಳು.

"ಬರ್ತದ ಅಕ್ಕಾರೆ. ಗದರಿಸಿ ಕೇಳಿದ್ರ ಹೇಳಂಗಿಲ್ಲ. ತಣ್ಣಗ ಕೂಡಿಸಿ, ಅದೇ ಮಾತು ನೂರು ಸಲ ಜರಾ ಪ್ರೀತಿಲೆ ಕೇಳಬೇಕು. ಒಮ್ಮಿ ಅಲ್ಲ ಒಮ್ಮಿ ಬಾಯಿ ಬಿಡ್ತದ. ಪೂರಾ ಹೊಸಾ ಕಾರ್ಡಿಗಿ ಇಳಸ್ತೀನಿ, ಒಂದಕ್ಷರ ಬಿಡಂಗಿಲ್ಲ." ಹಾಗೆಂದು ಕಾರ್ಡನ್ನು ಕೂಲರಿನ ಗಾಳಿಗೆ ಎದುರಾಗಿ ಇಟ್ಟು, ಓದಲಾಗದ ಜಾಗವನ್ನು ಬಿಡದೆ ಮತ್ತೆ ಮತ್ತೆ ಓದುವ ಒಂದು ಪ್ರೋಗ್ರಾಮಿಗೆ ಚಾಲನೆ ಕೊಟ್ಟರು. ಗಿರಾಕಿಗಳು ಸೆಕೆಯಲ್ಲಿ ಬೇಯುತ್ತಿದ್ದರು. ಕಾರ್ಡಿಗೊಂದೇ ಗಾಳಿ.

ಎರಡು ದಿನದ ನಂತರ ಹೋದಾಗ ಹೊಸ ಕಾರ್ಡು ಸಿದ್ಧವಾಗಿತ್ತು. ಮೌಲಾಲಿ ಅದನ್ನು ನನ್ನ ಕೈಗೆ ಕೊಡುವಾಗ ಗಡ್ಡದೊಳಗೆ ನಕ್ಕಂತೆ ಕಂಡಿತು. "ಆ ದನಿ ಫೈಲು ಪೂರಾ ಬಂದದ ಸರ. ನಾ ಕೇಳೀನಿ. ನೀವೂ ಒಮ್ಮಿ ಇಲ್ಲೇ ಕೇಳ್ಕೊಂಡು ಹೋಗ್ರಿ. ನನ್ನ ಮಾತು ಕೇಳ್ರಿ" ಎಂದರು. ನನಗೆ ಬಸ್ಸಿನ ಅವಸರ. ಅದೂ ಅಲ್ಲದೆ ನನ್ನ ತಲೆಯಲ್ಲಿ ಒಂದು ದೊಡ್ಡ ಯೋಜನೆ ಇತ್ತು. ನೀಲಮ್ಮನಿಗೆ ನನ್ನ ಮೇಲೆ ಗೌರವವಿದ್ದರೂ ನನ್ನ ರಿಪೇರಿಯ ಮೇಲೆ ನಂಬಿಕೆ ಹೋಗಿತ್ತು, ಬರೇ ಅಳಿಸಿದೆ ಎಂದರೆ ಅವಳು ಒಪ್ಪುತ್ತಿರಲಿಲ್ಲ. ಹಾಗಾಗಿ ಓಣಿಯವರನ್ನೆಲ್ಲ ಸೇರಿಸಿ, ಆ ಮಾತನ್ನು ಎಲ್ಲರೆದುರು ಕೊನೆಯದಾಗಿ ಒಮ್ಮೆ ಕೇಳಿಸಿ, ಎಲ್ಲರೆದುರೇ ಅಳಿಸಿ, ಕರೆಂಟು ತೆಗೆದು ಹಾಕಿ, ಅದು ಸತ್ತಿದೆ ಎಂದು ತೋರಿಸಬೇಕು. ಬಸ್ಸು ದಾರಿಯ ಕಲ್ಲೂರಿಗೆ ಬರುವಷ್ಟರಲ್ಲಿ ನನ್ನ ಭಾಷಣವೂ ಸಿದ್ಧವಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಓಣಿ ಸೇರಿತು. ಬಸಲಿಂಗಪ್ಪ ಕುರ್ಚಿ ತಂದು ಹಾಕಿಕೊಂಡರು. ನೀಲಮ್ಮ ತಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಳು, ಮಹಾದೇವಿ ನಮ್ಮ ಬಾಗಿಲಲ್ಲಿ. ನಾನು ಯಂತ್ರದ ಬಗ್ಗೆ, ಕಾರ್ಡಿನ ಬಗ್ಗೆ, ನೆರೆಹೊರೆಯ ಪ್ರೀತಿಯ ಬಗ್ಗೆ ಐದು ನಿಮಿಷ ಮಾತಾಡಿದೆ. "ನನ್ನ ಹೆಂಡತಿಯಿಂದ ಒಂದು ತಪ್ಪಾಗಿದೆ, ಗಂಡನಾಗಿ ಅದರ ಜವಾಬ್ದಾರಿ ನನ್ನದು" ಎಂದೂ ಹೇಳಿದೆ. ಇಬ್ಬರು ಮೆಚ್ಚಿ ತಲೆಯಾಡಿಸಿದರು. ಆಮೇಲೆ ಗುಂಡಿ ಒತ್ತಿದೆ.

"ನೀರು ಬಂದಾವ್ರೀ, ನೀರು ಬಂದಾವ! ಲಗೂನ ಹಿಡಕೊಳ್ರಿ!… ಹಲೋ, ಯವ್ವಾ? ಉಂಡಿ ಏನು? ನಮ್ಮದು ನಿನ್ನಿ ಎದುರ ಮನ್ಯಾಗ ಊಟ. ಹೋಳಿಗಿ ಮಾಡಿದ್ರು. ಏ, ನೀಲವ್ವನ ಕಟ್ಟಿನ ಸಾರು ಅಂದ್ರ, ಕೈ ತೊಳಕೊಂಡ ನೀರಿಗೆ ಒಗ್ಗರಣಿ ಕೊಟ್ಟಂಗ ಇರ್ತದ…" ಈ ಸಲ ಕರ್ರೆನ್ನಲಿಲ್ಲ. ಧ್ವನಿ ಮುಂದುವರಿಯಿತು: "…ಅಂತಾರ ನೋಡು ನಮ್ಮನಿಯವ್ರು! ಎರಡು ಸಲ ಹಾಕಿಸ್ಕೊಂಡು ಸುರ್ ಸುರ್ ಕುಡದು, ಮನಿಗಿ ಬಂದು ಹಿಂಗಂತಾರ. ಆಕಿ ಕೈ ರುಚಿ ನನಗರ ಎಲ್ಲಿ ಬರಬೇಕವಾ? ಇವರ ನಾಲಿಗಿಗಿ ಏನು ತಿಳಿತದ? ತಂತಿ ಸುಟ್ಟ ವಾಸನಿ ಒಂದ ತಿಳಿತದ ಇವರಿಗಿ! ಹೂಂ ಅನ್ನು, ಯವ್ವಾ, ಕೇಳಾಕತ್ತಿ ಇಲ್ಲ?"

ಹೋಳಿಗೆ ಊಟ ಮಾಡಿ ಬಂದ ರಾತ್ರಿ ಮಂಚದ ಮೇಲೆ ಹೊಟ್ಟೆ ನೀವಿಕೊಳ್ಳುತ್ತಾ ನಾನು ಅಂದಿದ್ದ ಮಾತು ಆಗ ಪೂರ್ತಿ ನೆನಪಿಗೆ ಬಂತು. ನಮ್ಮ ಭಾಷೆಯಲ್ಲಿ ಮಾತು ಮೊದಲು ಬಂದು ಆಡಿದವನು ಕೊನೆಗೆ ಬರುತ್ತಾನೆ. ಕಾರ್ಡು ಓದಲಾರದೆ ಬಿಟ್ಟಿದ್ದದ್ದು ಸರಿಯಾಗಿ ಆ ಕೊನೆಯನ್ನು, ಅಂದರೆ ನನ್ನನ್ನು. ಒಂದೂವರೆ ತಿಂಗಳು ಅದು ನನ್ನ ಮಾನ ಕಾದಿತ್ತು. ನಾನು ಅದನ್ನು ಮಾನ್ವಿಯವರೆಗೆ ಹೊತ್ತೊಯ್ದು, ಕೂಲರಿನ ಗಾಳಿ ಹಾಕಿಸಿ, ನೂರು ಸಲ ಕೇಳಿಸಿ ಬಾಯಿ ಬಿಡಿಸಿದ್ದೆ.

ಗಾಬರಿಯಲ್ಲಿ ಅಳಿಸುವ ಗುಂಡಿಗೆ ಕೈ ಹಾಕಿದೆ. "ಸರ, ಕೈ ತಗೀರಿ" ಎಂದಳು ನೀಲಮ್ಮ. ಓಣಿ ದಾಟಿ ನೇರ ಮಹಾದೇವಿಯ ಹತ್ತಿರ ಹೋದಳು. "ಏ ಮಾದೇವಿ, ನಾ ಹೆಂಗರ ನಂಬಿದ್ನೇ" ಎಂದು ಅವಳ ಭುಜ ಹಿಡಿದಳು. ಮಹಾದೇವಿ, "ನಾ ಅನ್ನಾಕಿ ಅಲ್ಲ ಅಂದಿದ್ದೆ ಇಲ್ಲ?" ಎಂದು ಅಳತೊಡಗಿ, ನಡುವೆಯೇ ನಗತೊಡಗಿದಳು. ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಕಡೆ ಬೊಟ್ಟು ಮಾಡಿ ಮಾಡಿ ನಕ್ಕರು. ಬಸಲಿಂಗಪ್ಪ ಕುರ್ಚಿಯಿಂದ ಎದ್ದು ಬಂದು ನನ್ನ ಬೆನ್ನು ತಟ್ಟಿ, "ಎರಡು ಸಲ ಅಲ್ರಿ ಸರ, ಮೂರು ಸಲ ಹಾಕಿಸ್ಕೊಂಡ್ರಿ. ನಾ ಬಡಿಸಿದ್ದಲ್ಲೇನು?" ಎಂದರು.

ಫೈಲು ಅಳಿಸಬಾರದು ಎಂದು ಓಣಿ ಒಮ್ಮತದಿಂದ ತೀರ್ಮಾನಿಸಿತು. ಒಂದೂವರೆ ತಿಂಗಳು ಅರ್ಧ ಮಾತು ಕೇಳಿದ್ದಾರೆ, ಇನ್ನೊಂದಷ್ಟು ದಿನ ಪೂರ್ತಿ ಕೇಳಲಿ ಎಂಬುದು ನೀಲಮ್ಮನ ವಾದ. ಸಿಂಧನೂರಿನ ಬೀಗರಿಗೂ ಅವಳು ಇಡೀ ಮಾತನ್ನು ಕಳಿಸಿದ್ದಾಳೆ. ಈಗ ಮೂರು ದಿನಕ್ಕೊಮ್ಮೆ ನೀರು ಬಂದಾಗಲೆಲ್ಲ ನಾನು ಯಾವುದೋ ಕೆಲಸ ನೆನಪು ಮಾಡಿಕೊಂಡು ಹಿತ್ತಲಿಗೆ ಹೋಗುತ್ತೇನೆ, ಅಲ್ಲಿಗೂ ಕೇಳಿಸುತ್ತದೆ. ಬಟ್ಟಲುಗಳು ಮತ್ತೆ ಓಡಾಡುತ್ತಿವೆ. ಎದುರು ಮನೆಯಿಂದ ಕಟ್ಟಿನ ಸಾರು ಬಂದ ದಿನ ಮಹಾದೇವಿ ನನಗೆ ಬಡಿಸಿ, ಬಾಗಿಲು ತೆರೆದಿಟ್ಟು, "ಹೆಂಗದ ರೀ? ಜೋರಾಗಿ ಹೇಳ್ರಿ" ಅನ್ನುತ್ತಾಳೆ. ನಾನು ಜೋರಾಗಿ ಹೇಳುತ್ತೇನೆ.

ಹೊಸ ಕಾರ್ಡು ಬಹಳ ಗಟ್ಟಿಯಾಗಿದೆ. ಎಷ್ಟು ಸಲ ಕರೆಂಟು ಹೋಗಿ ಬಂದರೂ ಒಂದಕ್ಷರ ತಪ್ಪಿಲ್ಲ, ಒಮ್ಮೆಯೂ ತೊದಲಿಲ್ಲ. ಮೊನ್ನೆ ಕೆಲಸವಿಲ್ಲದಿದ್ದರೂ ಮಾನ್ವಿಗೆ ಹೋಗಿ, ಇಂಥ ಕಾರ್ಡು ಸಾಮಾನ್ಯವಾಗಿ ಎಷ್ಟು ದಿನಕ್ಕೆ ಕೆಡುತ್ತದೆ ಎಂದು ಮೌಲಾಲಿಯವರನ್ನು ಆಸೆಯಿಂದ ಕೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟು, "ಹತ್ತು ವರ್ಷ ಫಿಕರ್ ಮಾಡಬ್ಯಾಡ್ರಿ ಸರ" ಎಂದರು.